‘ಅವಸ್ಥೆ’: ಶಿವಮೊಗ್ಗದ ನೆಲದಿಂದ ಬಂದ ಪೊಲಿಟಿಕಲ್ ಥ್ರಿಲ್ಲರ್

ಚುನಾವಣೆ ಹೊತ್ತಿಗೆ ಓದೋಕೆ ಒಂದು ಒಳ್ಳೆ ಪೊಲಿಟಿಕಲ್ ಥ್ರಿಲ್ಲರ್ ಹೇಳಿ ಅಂತ ಯಾರಾದರೂ ಕೇಳಿದರೆ ನಾನು ಯು.ಆರ್. ಅನಂತಮೂರ್ತಿಯವರ ‘ಅವಸ್ಥೆ’ ಅಂತೀನಿ. ಕೇಳಿದವರು ಹುಬ್ಬೇರಿಸ್ತಾರೆ. ಅದರಲ್ಲಿ ರಹಸ್ಯ ಟೇಪಿಲ್ಲ, ಬೆನ್ನಟ್ಟುವ ಕಾರುಗಳಿಲ್ಲ. ಕಥಾನಾಯಕ ಕೃಷ್ಣಪ್ಪ ಗೌಡ ಪಾರ್ಶ್ವವಾಯು ಬಡಿದು ಹಾಸಿಗೆ ಹಿಡಿದಿದ್ದಾನೆ.

ಕಾದಂಬರಿ ಬಂದದ್ದು 1978ರಲ್ಲಿ. ದನ ಕಾಯುತ್ತಿದ್ದ ಹುಡುಗ, ಗುರುವಿನಂಥ ಮಹೇಶ್ವರಯ್ಯನ ಕಣ್ಣಿಗೆ ಬಿದ್ದು ಓದುತ್ತಾನೆ. ಕ್ರಾಂತಿಕಾರಿ ಅಣ್ಣಾಜಿಯ ಸಹವಾಸ, ಪೊಲೀಸರ ಚಿತ್ರಹಿಂಸೆ, ರೈತ ಹೋರಾಟ ಎಲ್ಲ ದಾಟಿ ವಿರೋಧ ಪಕ್ಷದ ದೊಡ್ಡ ನಾಯಕನಾಗುತ್ತಾನೆ. ಈಗ ಸರ್ಕಾರ ಬೀಳಿಸುವ ಲೆಕ್ಕಾಚಾರ ನಡೆದಿದೆ, ಮುಖ್ಯಮಂತ್ರಿ ಕುರ್ಚಿ ಕೈಗೆಟುಕುವಷ್ಟು ಹತ್ತಿರ. ಪಕ್ಷಾಂತರ ನಿಷೇಧ ಕಾಯ್ದೆ ಬರೋಕೆ ಏಳು ವರ್ಷ ಮೊದಲು ಬರೆದ ಪುಸ್ತಕ ಇದು. 2008ರ ‘ಆಪರೇಷನ್ ಕಮಲ’, 2019ರ 17 ಶಾಸಕರ ಪ್ರಕರಣ ನೋಡಿದವರಿಗೆ ಏನೂ ಹಳತು ಅನ್ನಿಸಲ್ಲ.

ಕೃಷ್ಣಪ್ಪನ ಹಿಂದಿರುವ ನಿಜ ವ್ಯಕ್ತಿ ಶಾಂತವೇರಿ ಗೋಪಾಲಗೌಡ (1923–1972). ಶಿವಮೊಗ್ಗದಲ್ಲಿ ಇವರ ಹೆಸರಿನ ಬಡಾವಣೆ ಇದೆ. ಅಡ್ರೆಸ್ ಹೇಳುವಾಗ ದಿನಾ ಆ ಹೆಸರು ಬಾಯಿಗೆ ಬರುತ್ತೆ, ಮನುಷ್ಯ ಯಾರು ಅಂತ ಗೊತ್ತಿರುವವರು ಕಡಿಮೆ. 1951ರ ಕಾಗೋಡು ಸತ್ಯಾಗ್ರಹದಲ್ಲಿ ಗೇಣಿದಾರರ ಜೊತೆ ನಿಂತ ಸಮಾಜವಾದಿ. 1952ರಲ್ಲಿ ಸಾಗರ–ಹೊಸನಗರದಿಂದ, 1962 ಮತ್ತು 1967ರಲ್ಲಿ ತೀರ್ಥಹಳ್ಳಿಯಿಂದ ಶಾಸಕ. ಮತದಾರರ ಹತ್ತಿರ ‘ಒಂದು ಓಟು, ಒಂದು ನೋಟು’ ಕೇಳಿದವರು. ಓಟಿಗೆ ನೋಟು ಕೊಡೋದಲ್ಲ, ಓಟಿನ ಜೊತೆ ನೋಟನ್ನೂ ಈಸಿಕೊಳ್ಳೋದು! ಈಗ ವಿಧಾನಸಭೆ ಅಭ್ಯರ್ಥಿಗೆ ಅಧಿಕೃತ ಖರ್ಚಿನ ಮಿತಿಯೇ 40 ಲಕ್ಷ ರೂಪಾಯಿ. ಅನಧಿಕೃತದ್ದು ನಿಮ್ಮ ಬೂತ್‌ನಲ್ಲೇ ನೋಡಿರ್ತೀರಿ.

ಹಾಗಂತ ‘ಅವಸ್ಥೆ’ಯನ್ನು ಗೌಡರ ಜೀವನಚರಿತ್ರೆ ಅಂತ ಓದಬಾರದು. ಗೌಡರನ್ನು ಹತ್ತಿರದಿಂದ ಬಲ್ಲ ಅನಂತಮೂರ್ತಿ ಅವರಿಗೆ ಗುಡಿ ಕಟ್ಟಲಿಲ್ಲ. ಕೃಷ್ಣಪ್ಪ ಸಿಡುಕ, ಹೆಂಡತಿ ಸೀತೆಯ ಜೊತೆ ಅವನ ವರ್ತನೆ ಓದೋಕೆ ಹಿಂಸೆ ಆಗುತ್ತೆ. ಸಾರ್ವಜನಿಕವಾಗಿ ಪ್ರಾಮಾಣಿಕ, ಮನೆಯೊಳಗೆ ಕ್ರೂರಿ. ಇದನ್ನು ಮುಚ್ಚಿಡದೇ ಇರೋದು ನನ್ನ ಪ್ರಕಾರ ಕಾದಂಬರಿಯ ದೊಡ್ಡ ಧೈರ್ಯ.

ನಿಜವಾದ ಸಸ್ಪೆನ್ಸ್ ಇರೋದು ಗುತ್ತಿಗೆದಾರ ವೀರಣ್ಣನ ಪಾತ್ರದಲ್ಲಿ. ಅವನು ಸೂಟ್‌ಕೇಸ್ ತಂದು ಮುಂದೆ ಇಡುವ ಖಳನಲ್ಲ. ಭಕ್ತಿಯಿಂದ, ಪ್ರೀತಿಯಿಂದ ನೆರವಾಗುತ್ತಾನೆ. ಕಾಯಿಲೆ ಮನುಷ್ಯನಿಗೆ ಅನುಕೂಲ ಬೇಡವಾ, ಸಂಸಾರಕ್ಕೆ ನೆಲೆ ಬೇಡವಾ? ಯಾವುದಕ್ಕೂ ರಸೀದಿ ಇಲ್ಲ, ಯಾವುದೂ ಲಂಚ ಅಲ್ಲ. ಉಪಕಾರ ಸೇರುತ್ತಾ ಹೋಗುತ್ತೆ. ಅಮೆರಿಕದ ಅಧ್ಯಕ್ಷೀಯ ಪ್ರಚಾರದ ಬಗ್ಗೆ 1996ರಲ್ಲಿ ಲೇಖಕರ ಹೆಸರಿಲ್ಲದೆ ಬಂದ ‘ಪ್ರೈಮರಿ ಕಲರ್ಸ್’ನಲ್ಲಿ ಹಗರಣ ಹೊರಬರುತ್ತಾ ಅನ್ನೋದು ಕುತೂಹಲ. ಇಲ್ಲಿ ಹೊರಬರುವ ಹಗರಣವೇ ಇಲ್ಲ, ಕೃಷ್ಣಪ್ಪನಿಗೆ ತಾನು ಯಾರ ಋಣದಲ್ಲಿದ್ದೀನಿ ಅನ್ನೋದು ಕಾಣುತ್ತಾ ಅನ್ನೋದಷ್ಟೇ ಪ್ರಶ್ನೆ.

ಅವನನ್ನು ಕಾಡುವ ಇನ್ನೊಂದು ಆಸೆ ಹೆಚ್ಚು ಅಪಾಯದ್ದು: ಅಧಿಕಾರ ಸಿಕ್ಕರೆ ಜನಕ್ಕೆ ಒಳ್ಳೇದು ಮಾಡಬಹುದಲ್ಲ! ಈ ಮಾತಿನ ತೂಕ ಭದ್ರಾವತಿಯವರಿಗೆ ಗೊತ್ತು. ಗೌಡರು ಹುಟ್ಟಿದ 1923ರಲ್ಲೇ ಉತ್ಪಾದನೆ ಶುರುಮಾಡಿದ ಅಲ್ಲಿನ ಕಬ್ಬಿಣದ ಕಾರ್ಖಾನೆಯೇ ಇಂದಿನ ವಿಐಎಸ್‌ಎಲ್. ಅದನ್ನು ಉಳಿಸ್ತೀವಿ ಅಂತ ಹೇಳದ ಪಕ್ಷವಿಲ್ಲ. 2023ರ ಜನವರಿಯಲ್ಲಿ ಮುಚ್ಚುವ ತೀರ್ಮಾನ ಬಂತು. ಫೆಬ್ರವರಿ 27ರಂದು ಪ್ರಧಾನಿ ಶಿವಮೊಗ್ಗ ವಿಮಾನ ನಿಲ್ದಾಣ ಉದ್ಘಾಟಿಸಿದ ದಿನಗಳಲ್ಲಿ ಗುತ್ತಿಗೆ ಕಾರ್ಮಿಕರು ಹೋರಾಟದಲ್ಲಿದ್ದರು. ಮೇ ತಿಂಗಳಲ್ಲಿ ಚುನಾವಣೆ, ಮತ್ತೆ ಅದೇ ಭರವಸೆ.

ಕೃಷ್ಣಪ್ಪ ಕೊನೆಗೆ ಏನು ಮಾಡ್ತಾನೆ ಅನ್ನೋದನ್ನ ಹೇಳಲ್ಲ. ಓದುವ ಪುರುಸೊತ್ತಿಲ್ಲದವರಿಗೆ ಕೃಷ್ಣ ಮಾಸಡಿ ನಿರ್ದೇಶನದ 1987ರ ಸಿನಿಮಾ ಇದೆ. ಅದರಲ್ಲಿ ಕೃಷ್ಣಪ್ಪನಾದ ಅನಂತ್ ನಾಗ್ 1994ರಲ್ಲಿ ಮಲ್ಲೇಶ್ವರದ ಶಾಸಕರಾದರು, ಆಮೇಲೆ ಜೆ.ಎಚ್. ಪಟೇಲರ ಸಂಪುಟದಲ್ಲಿ ಮಂತ್ರಿ. ಆ ಪಟೇಲರು ಗೋಪಾಲಗೌಡರ ಸಮಾಜವಾದಿ ಬಳಗದವರೇ.