ಮಾನಸಿಕ ಕಾಯಿಲೆ: ಅರಿವು, ರೋಗನಿರ್ಣಯ ಮತ್ತು ಚಿಕಿತ್ಸೆ

ದೇಹಕ್ಕೆ ಕಾಯಿಲೆ ಬರುವಂತೆ ಮನಸ್ಸಿಗೂ ಕಾಯಿಲೆ ಬರುತ್ತದೆ. ಈ ಮಾತನ್ನು ಒಪ್ಪದವರು ಇಂದು ವಿರಳ. ಆದರೆ ಒಪ್ಪಿದ್ದನ್ನು ನಮ್ಮ ಮನೆಯೊಳಗೆ ಆಚರಣೆಗೆ ತರುವವರು ಇನ್ನೂ ವಿರಳ. ಸಕ್ಕರೆ ಕಾಯಿಲೆಯನ್ನೂ ರಕ್ತದೊತ್ತಡವನ್ನೂ ಕುರಿತು ಊಟದ ಪಂಕ್ತಿಯಲ್ಲಿಯೇ ಮುಕ್ತವಾಗಿ ಮಾತನಾಡುವ ನಾವು, ಮನೆಯ ಮಗ ಆರು ತಿಂಗಳಿಂದ ಕೋಣೆ ಬಿಟ್ಟು ಹೊರಬಂದಿಲ್ಲವೆಂಬುದನ್ನು ಸ್ವಂತ ಅಣ್ಣ ತಮ್ಮಂದಿರಿಗೂ ಹೇಳುವುದಿಲ್ಲ. ನೆಂಟರಿಗೆ ತಿಳಿದರೆ ಸಂಬಂಧ ಕುದುರದು ಎಂಬ ಅಂಜಿಕೆ, ಊರಿಗೆ ಸುದ್ದಿ ಹೋದೀತೆಂಬ ಸಂಕೋಚ. ಹೀಗೆ ಮುಚ್ಚಿಟ್ಟು ಕಳೆದ ಕಾಲವೇ ರೋಗಿಗೆ ಆಗುವ ದೊಡ್ಡ ನಷ್ಟ.

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ, ವಯಸ್ಕರಲ್ಲಿ ಶೇಕಡಾ 10.6 ಮಂದಿಗೆ ಆ ಹೊತ್ತಿಗೆ ಒಂದಲ್ಲ ಒಂದು ಮನೋರೋಗವಿತ್ತೆಂದು ಕಂಡುಬಂದಿತು. ಗ್ರಾಮಾಂತರಕ್ಕಿಂತ ಮಹಾನಗರಗಳಲ್ಲಿ ಈ ಪ್ರಮಾಣ ಹೆಚ್ಚಾಗಿತ್ತು. ಖಿನ್ನತೆ, ಆತಂಕ ಮೊದಲಾದ ಸಾಮಾನ್ಯ ಮನೋರೋಗಗಳಿರುವವರಲ್ಲಿ ಸುಮಾರು ಶೇಕಡಾ 85 ಮಂದಿಗೆ ಚಿಕಿತ್ಸೆ ದೊರೆತಿರಲಿಲ್ಲ. ಆದುದರಿಂದ ಈ ವಿಷಯವನ್ನು ಪ್ರತಿಯೊಂದು ಕುಟುಂಬವೂ ತಿಳಿದಿರುವುದು ಅಗತ್ಯ.

ಯಾವುದು ಕಾಯಿಲೆ?

ದುಃಖ, ಭಯ, ಸಿಟ್ಟು, ಚಿಂತೆ ಇವು ಮನಸ್ಸಿನ ಸಹಜ ಧರ್ಮ. ಆಪ್ತರನ್ನು ಕಳೆದುಕೊಂಡವರು ಅಳುವುದೂ ಪರೀಕ್ಷೆಯ ಮುನ್ನಾದಿನ ನಿದ್ರೆ ಬಾರದಿರುವುದೂ ರೋಗವಲ್ಲ. ಭಾವನೆ, ಯೋಚನೆ ಅಥವಾ ವರ್ತನೆಯಲ್ಲಿನ ಬದಲಾವಣೆ ಬಹುಕಾಲ ಉಳಿದು, ನಿದ್ರೆ, ಆಹಾರ, ಉದ್ಯೋಗ, ಓದು, ಸಂಸಾರ ಇವುಗಳನ್ನು ಕೆಡಿಸತೊಡಗಿದಾಗ ಅದನ್ನು ಕಾಯಿಲೆ ಎನ್ನಬೇಕಾಗುತ್ತದೆ.

ಮುಖ್ಯವಾದ ಕೆಲವು ಕಾಯಿಲೆಗಳನ್ನು ಇಲ್ಲಿ ಹೆಸರಿಸಬಹುದು. ಖಿನ್ನತೆಯಲ್ಲಿ ಬೇಸರ, ನಿರಾಸಕ್ತಿ, ಆಯಾಸ, ತಾನು ಯಾರಿಗೂ ಬೇಡವೆಂಬ ಭಾವನೆ, ಸಾವಿನ ಯೋಚನೆಗಳಿರುತ್ತವೆ. ಆತಂಕದ ಕಾಯಿಲೆಗಳಲ್ಲಿ ಕಾರಣವಿಲ್ಲದ ಭಯದೊಂದಿಗೆ ಎದೆ ಬಡಿತ, ಬೆವರು, ಕೈಕಾಲು ನಡುಕ ಉಂಟಾಗುತ್ತವೆ. ಗೀಳು ರೋಗದಲ್ಲಿ ಬೇಡವೆಂದರೂ ಒಂದೇ ಯೋಚನೆ ಮರಳಿ ಮರಳಿ ಬಂದು, ಗಂಟೆಗಟ್ಟಲೆ ಕೈ ತೊಳೆಯುವುದೋ ಬೀಗ ಎಳೆದು ನೋಡುವುದೋ ನಡೆಯುತ್ತದೆ. ಉನ್ಮಾದ ಮತ್ತು ಖಿನ್ನತೆ ಸರದಿಯಲ್ಲಿ ಬರುವ ಕಾಯಿಲೆಯೂ ಉಂಟು. ಉನ್ಮಾದದ ಅವಧಿಯಲ್ಲಿ ರೋಗಿ ನಿದ್ರೆಯಿಲ್ಲದೆಯೂ ಉತ್ಸಾಹದಿಂದಿದ್ದು, ಮಿತಿಮೀರಿ ಮಾತನಾಡಿ, ಹಣವನ್ನು ನೀರಿನಂತೆ ಚೆಲ್ಲುತ್ತಾನೆ. ಸ್ಕಿಜೋಫ್ರೀನಿಯಾದಲ್ಲಿ ಇಲ್ಲದ ದನಿಗಳು ಕೇಳಿಸುತ್ತವೆ, ಯಾರೋ ತನಗೆ ಕೇಡು ಬಗೆಯುತ್ತಿದ್ದಾರೆಂಬ ಅಚಲವಾದ ಭ್ರಮೆ ಮೂಡುತ್ತದೆ, ಮಾತು ಮತ್ತು ಯೋಚನೆಯ ಸರಣಿ ತಪ್ಪುತ್ತದೆ. ಇದು ಹೆಚ್ಚಾಗಿ ಹದಿಹರೆಯದ ಕೊನೆಯಲ್ಲಿ ಅಥವಾ ಇಪ್ಪತ್ತರ ಹರೆಯದಲ್ಲಿ ಆರಂಭವಾಗುತ್ತದೆ. ಕಾಲೇಜಿನಲ್ಲಿ ಚೆನ್ನಾಗಿ ಓದುತ್ತಿದ್ದ ಹುಡುಗ ಒಮ್ಮೆಲೇ ಹಿಂದೆ ಬಿದ್ದು, ಸ್ನೇಹಿತರನ್ನು ತೊರೆದು, ಸ್ನಾನವನ್ನೂ ಬಿಟ್ಟಾಗ ಅದನ್ನು ಸೋಮಾರಿತನವೆಂದು ಗದರಿಸುವ ಮೊದಲು ವೈದ್ಯರಿಗೆ ತೋರಿಸುವುದು ವಿವೇಕ.

ಕಾರಣಗಳು

ಯಾವುದೇ ಮನೋರೋಗಕ್ಕೆ ಒಂದೇ ಕಾರಣವನ್ನು ಬೆರಳು ಮಾಡಿ ತೋರಿಸಲಾಗದು. ಅನುವಂಶೀಯತೆ, ಮಿದುಳಿನ ರಾಸಾಯನಿಕ ಕ್ರಿಯೆಗಳಲ್ಲಿನ ವ್ಯತ್ಯಾಸ, ಬಾಲ್ಯದ ಕಹಿ ಅನುಭವ, ಮದ್ಯ ಮತ್ತು ಗಾಂಜಾದಂತಹ ಮಾದಕ ವಸ್ತುಗಳು, ಜೀವನದ ಒತ್ತಡ ಇವು ಸೇರಿ ರೋಗವನ್ನು ತರುತ್ತವೆ. ಅನುವಂಶೀಯತೆಯ ಬಗ್ಗೆ ಅತಿಯಾದ ಭಯ ಬೇಡ. ತಂದೆ ಅಥವಾ ತಾಯಿಗೆ ಸ್ಕಿಜೋಫ್ರೀನಿಯಾ ಇದ್ದರೆ ಮಗುವಿಗೆ ಬರುವ ಸಾಧ್ಯತೆ ನೂರಕ್ಕೆ ಸುಮಾರು ಹತ್ತು. ಅಂದರೆ ತೊಂಬತ್ತು ಪಾಲು ಬಾರದು. ತಾಯಿ ತಂದೆಯರು ಸಾಕಿದ ರೀತಿ, ಪೂರ್ವಜನ್ಮದ ಪಾಪ, ಮಾಟಮಂತ್ರ ಇವು ಈ ರೋಗದ ಕಾರಣಗಳಲ್ಲ. ದೇವಸ್ಥಾನಕ್ಕೆ ಹೋಗುವುದರಿಂದ ಮನೆಯವರಿಗೆ ಸಮಾಧಾನ ದೊರೆಯುವುದಾದರೆ ಹೋಗಬಹುದು. ಅದರ ಸಲುವಾಗಿ ಔಷಧವನ್ನು ನಿಲ್ಲಿಸಬಾರದು.

ರೋಗನಿರ್ಣಯ: ಮಾತೇ ಮುಖ್ಯ ಸಾಧನ

ಸಕ್ಕರೆ ಕಾಯಿಲೆಯನ್ನು ರಕ್ತಪರೀಕ್ಷೆಯಿಂದಲೂ ಮುರಿದ ಮೂಳೆಯನ್ನು ಎಕ್ಸ್‌ರೇಯಿಂದಲೂ ಕಂಡುಹಿಡಿಯಬಹುದು. ಖಿನ್ನತೆಯನ್ನಾಗಲಿ ಸ್ಕಿಜೋಫ್ರೀನಿಯಾವನ್ನಾಗಲಿ ಹೀಗೆ ತೋರಿಸಿಕೊಡುವ ಪರೀಕ್ಷೆ ಇನ್ನೂ ಬಂದಿಲ್ಲ. ವೈದ್ಯರು ರಕ್ತಪರೀಕ್ಷೆ ಅಥವಾ ತಲೆಯ ಸ್ಕ್ಯಾನ್ ಮಾಡಿಸುವುದು ಬೇರೆ ಕಾಯಿಲೆಗಳಿಲ್ಲವೆಂದು ಖಚಿತಪಡಿಸಿಕೊಳ್ಳಲು. ಥೈರಾಯ್ಡ್ ಗ್ರಂಥಿಯ ದೋಷ, ಬಿ12 ಜೀವಸತ್ವದ ಕೊರತೆ, ಮಿದುಳಿನ ಗಡ್ಡೆ, ಕೆಲವು ಔಷಧಗಳು ಕೂಡ ಮನೋರೋಗದಂತಹ ಲಕ್ಷಣಗಳನ್ನು ತೋರಬಲ್ಲವು. ಉಳಿದುದೆಲ್ಲ ರೋಗಿ ಹೇಳುವ ಮಾತು, ಮನೆಯವರು ಕೊಡುವ ವಿವರ ಮತ್ತು ವೈದ್ಯರ ಅವಲೋಕನದ ಮೇಲೆ ನಿಂತಿದೆ. ಎಷ್ಟು ಲಕ್ಷಣಗಳು ಎಷ್ಟು ಕಾಲ ಇರಬೇಕೆಂಬುದಕ್ಕೆ ಅಂತರರಾಷ್ಟ್ರೀಯ ಮಾನದಂಡಗಳಿವೆ. ಉದಾಹರಣೆಗೆ, ಖಿನ್ನತೆಯೆನ್ನಲು ಲಕ್ಷಣಗಳು ಕನಿಷ್ಠ ಎರಡು ವಾರ ದಿನದ ಬಹುಭಾಗ ಕಾಡಿರಬೇಕು.

ಮಾತೇ ಸಾಧನವೆಂದ ಮೇಲೆ ಆ ಮಾತು ಯಾವ ಭಾಷೆಯದೆಂಬುದೂ ಮುಖ್ಯವಾಗುತ್ತದೆ. ಹೊರನಾಡ ಕನ್ನಡಿಗರಾದ ನಾವು ಗಮನಿಸಬೇಕಾದ ಸಂಗತಿ ಇದು. ಮುಂಬಯಿ, ಪುಣೆ, ಹೈದರಾಬಾದು, ದೆಹಲಿಗಳಲ್ಲಿ ಹುಟ್ಟಿ ಬೆಳೆದ ಮಕ್ಕಳು ಅಲ್ಲಿನ ಭಾಷೆಯಲ್ಲಿಯೋ ಇಂಗ್ಲಿಷಿನಲ್ಲಿಯೋ ಮನಸ್ಸನ್ನು ತೆರೆದಿಡಬಲ್ಲರು. ಆದರೆ ಮಗನ ಮನೆಗೆ ಊರಿನಿಂದ ಬಂದು ನೆಲೆಸಿದ ತಾಯಿಯ ಸ್ಥಿತಿ ಬೇರೆ. ಮಾರುಕಟ್ಟೆಯ ವ್ಯವಹಾರಕ್ಕೆ ಸಾಲುವಷ್ಟು ಹಿಂದಿ ಅಥವಾ ಮರಾಠಿ ಆಕೆಗೆ ಬರಬಹುದು; ಒಳಗಿನ ಸಂಕಟ ಮಾತ್ರ ಕನ್ನಡದಲ್ಲಿಯೋ ತುಳುವಿನಲ್ಲಿಯೋ ಉಳಿದಿರುತ್ತದೆ. "ಎದೆ ಭಾರ", "ಹೊಟ್ಟೆಯಲ್ಲಿ ಸಂಕಟ", "ಮೈಯಲ್ಲಿ ತ್ರಾಣವಿಲ್ಲ", "ಯಾವುದೂ ಬೇಡ ಎನಿಸುತ್ತದೆ" ಎಂಬ ಮಾತುಗಳಲ್ಲಿ ನಮ್ಮ ಹಿರಿಯರ ಖಿನ್ನತೆ ಅಡಗಿರುವುದುಂಟು. ಇದನ್ನು ತಿಳಿಯದೆ ಹೃದಯದ ಪರೀಕ್ಷೆ, ಹೊಟ್ಟೆಯ ಪರೀಕ್ಷೆಗಳಲ್ಲಿಯೇ ತಿಂಗಳುಗಳು ಕಳೆಯುತ್ತವೆ. ವೃದ್ಧರ ಖಿನ್ನತೆಯನ್ನು ಮರೆವಿನ ಕಾಯಿಲೆಯೆಂದು ತಪ್ಪು ತಿಳಿಯುವ ಸಂಭವವೂ ಇದೆ. ಖಿನ್ನತೆಯಾದರೆ ಗುಣವಾಗುವ ಸಾಧ್ಯತೆ ಹೆಚ್ಚಿರುವುದರಿಂದ ಈ ವ್ಯತ್ಯಾಸವನ್ನು ಅರಿಯುವುದು ಅತ್ಯಗತ್ಯ.

ಇಂತಹ ಸಂದರ್ಭದಲ್ಲಿ ಮನೆಯವರೇ ದುಭಾಷಿಗಳಾಗುತ್ತಾರೆ. ಆಗ ಕೆಲವು ಎಚ್ಚರಿಕೆಗಳು ಅಗತ್ಯ. "ಬದುಕು ಸಾಕಾಗಿದೆ" ಎಂದು ತಾಯಿ ಹೇಳಿದ್ದನ್ನು "ಸ್ವಲ್ಪ ಬೇಸರವಂತೆ" ಎಂದು ಮೃದುಗೊಳಿಸಿ ಹೇಳಬಾರದು. ಆಡಿದ ಮಾತನ್ನು ಆಡಿದಂತೆಯೇ ತಿಳಿಸಬೇಕು. ಕೇಳಿದ ಪ್ರಶ್ನೆಗೆ ರೋಗಿಯ ಬದಲು ತಾವೇ ಉತ್ತರಿಸಬಾರದು. ಚಿಕ್ಕ ಮಕ್ಕಳನ್ನು ಈ ಕೆಲಸಕ್ಕೆ ಬಳಸಲೇಬಾರದು. ಸೊಸೆಯ ಎದುರು ಅತ್ತೆ, ಗಂಡನ ಎದುರು ಹೆಂಡತಿ ಹೇಳಲಾರದ ವಿಷಯಗಳಿರುತ್ತವೆ. ಆದುದರಿಂದ ಒಮ್ಮೆಯಾದರೂ ಕನ್ನಡ ಬಲ್ಲ ವೈದ್ಯರೊಡನೆ ಏಕಾಂತದಲ್ಲಿ ಮಾತನಾಡುವ ಅವಕಾಶ ಕಲ್ಪಿಸಬೇಕು. 2020ರ ಮಾರ್ಚ್‌ನಲ್ಲಿ ಕೇಂದ್ರ ಸರಕಾರ ಪ್ರಕಟಿಸಿದ ದೂರವೈದ್ಯಕೀಯ ಮಾರ್ಗಸೂಚಿಗಳ ಪ್ರಕಾರ, ಕರ್ನಾಟಕದಲ್ಲಿರುವ ವೈದ್ಯರು ವೀಡಿಯೋ ಮೂಲಕ ಬೇರೆ ರಾಜ್ಯದ ರೋಗಿಯನ್ನು ವಿಚಾರಿಸಿ ಸಲಹೆ ನೀಡಬಹುದು. ಕೆಲವು ಔಷಧಗಳನ್ನು ಮಾತ್ರ ಹೀಗೆ ಬರೆದುಕೊಡುವಂತಿಲ್ಲ.

ವೈದ್ಯರಲ್ಲಿಗೆ ಹೋಗುವಾಗ ಒಂದು ಕಾಗದದಲ್ಲಿ ಇಷ್ಟನ್ನು ಬರೆದುಕೊಂಡು ಹೋಗುವುದು ಉಪಯುಕ್ತ: ಬದಲಾವಣೆ ಯಾವಾಗ ಕಾಣಿಸಿತು, ನಿದ್ರೆ, ಊಟ, ತೂಕ ಹೇಗಿವೆ, ಹಿಂದೆ ಹೀಗಾಗಿತ್ತೇ, ರಕ್ತಸಂಬಂಧಿಗಳಲ್ಲಿ ಯಾರಿಗಾದರೂ ಮನೋರೋಗ ಅಥವಾ ಆತ್ಮಹತ್ಯೆಯ ಇತಿಹಾಸವಿದೆಯೇ, ಈಗ ಸೇವಿಸುತ್ತಿರುವ ಔಷಧಗಳು ಯಾವುವು, ಕುಡಿತದ ಅಭ್ಯಾಸವಿದೆಯೇ. ಮನೆತನದ ಮರ್ಯಾದೆಗೆ ಅಂಜಿ ಇವುಗಳಲ್ಲಿ ಒಂದನ್ನು ಮರೆಮಾಚಿದರೂ ಚಿಕಿತ್ಸೆ ದಾರಿ ತಪ್ಪಬಹುದು.

ಚಿಕಿತ್ಸೆ

1949ರಲ್ಲಿ ಆಸ್ಟ್ರೇಲಿಯಾದ ಜಾನ್ ಕೇಡ್ ಅವರು ಉನ್ಮಾದಕ್ಕೆ ಲಿಥಿಯಂ ಉಪಯುಕ್ತವೆಂದು ತೋರಿಸಿದರು. 1952ರಲ್ಲಿ ಪ್ಯಾರಿಸ್ಸಿನಲ್ಲಿ ಕ್ಲೋರ್‌ಪ್ರೊಮಜೀನ್ ಬಳಕೆಗೆ ಬಂದಿತು. ಅದಕ್ಕೂ ಮೊದಲು, 1931ರಲ್ಲಿಯೇ, ಕಲ್ಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಅವರು ಸರ್ಪಗಂಧಿಯ ಬೇರಿನ ಗುಣವನ್ನು ಕುರಿತು ಬರೆದಿದ್ದರು. ಆವರೆಗೆ ಬಹುಪಾಲು ಕೂಡಿಹಾಕುವ ಸ್ಥಳಗಳಾಗಿದ್ದ ಮಾನಸಿಕ ಆಸ್ಪತ್ರೆಗಳಿಂದ ರೋಗಿಗಳು ಮನೆಗೆ ಮರಳಲು ಸಾಧ್ಯವಾದದ್ದು ಇಂತಹ ಔಷಧಗಳು ಬಂದ ಮೇಲೆ.

ಇಂದು ಬಗೆಬಗೆಯ ಔಷಧಗಳಿವೆ. ಖಿನ್ನತೆಯ ಮಾತ್ರೆಗಳು ಫಲ ಕೊಡಲು ಎರಡರಿಂದ ನಾಲ್ಕು ವಾರ ಬೇಕು. ನಾಲ್ಕೇ ದಿನಗಳಲ್ಲಿ ಗುಣ ಕಾಣಲಿಲ್ಲವೆಂದು ಬಿಡುವುದು ತಪ್ಪು. ಮೊದಲ ಬಾರಿ ಬಂದ ಖಿನ್ನತೆ ವಾಸಿಯಾದ ಮೇಲೆಯೂ ಸಾಮಾನ್ಯವಾಗಿ ಆರರಿಂದ ಒಂಬತ್ತು ತಿಂಗಳು ಔಷಧವನ್ನು ಮುಂದುವರಿಸಬೇಕಾಗುತ್ತದೆ. ಈ ಮಾತ್ರೆಗಳು ಚಟ ಹಿಡಿಸುವುದಿಲ್ಲ, ಆದರೆ ಒಮ್ಮೆಲೇ ನಿಲ್ಲಿಸಬಾರದು. ಚಟ ಹಿಡಿಯುವ ಭಯವಿರುವುದು ನಿದ್ರೆಗೂ ಆತಂಕಕ್ಕೂ ಕೊಡುವ ಕೆಲವು ಮಾತ್ರೆಗಳಲ್ಲಿ. ಅವುಗಳನ್ನು ಹಳೆಯ ಚೀಟಿ ತೋರಿಸಿ ವರ್ಷಗಟ್ಟಲೆ ನುಂಗುವುದು ಅಪಾಯಕರ. ಸ್ಕಿಜೋಫ್ರೀನಿಯಾದ ಔಷಧಗಳಿಂದ ಕೈ ನಡುಕ, ಮೈ ಬಿಗಿತ, ತೂಕ ಮತ್ತು ರಕ್ತದ ಸಕ್ಕರೆಯ ಏರಿಕೆ ಉಂಟಾಗಬಹುದು. ಲಿಥಿಯಂ ಸೇವಿಸುವವರು ರಕ್ತದಲ್ಲಿ ಅದರ ಪ್ರಮಾಣವನ್ನೂ ಮೂತ್ರಪಿಂಡ ಹಾಗೂ ಥೈರಾಯ್ಡ್ ಸ್ಥಿತಿಯನ್ನೂ ಆಗಾಗ ಪರೀಕ್ಷಿಸಿಕೊಳ್ಳಬೇಕು. ಅಡ್ಡಪರಿಣಾಮ ಕಂಡರೆ ವೈದ್ಯರಿಗೆ ತಿಳಿಸಿ ಔಷಧ ಬದಲಿಸಿಕೊಳ್ಳಬಹುದು, ತಾವಾಗಿಯೇ ಬಿಡಬಾರದು.

ಸಾಧಾರಣ ಖಿನ್ನತೆ, ಆತಂಕ, ಗೀಳುಗಳಿಗೆ ಮಾತಿನ ಮೂಲಕ ನಡೆಯುವ ಮನೋಚಿಕಿತ್ಸೆಯೂ ಪರಿಣಾಮಕಾರಿ. ಆಲೋಚನೆಯ ತಪ್ಪು ಜಾಡುಗಳನ್ನು ಗುರುತಿಸಿ ತಿದ್ದಿಕೊಳ್ಳುವ ಅಭ್ಯಾಸ, ಭಯಪಡುವ ಸಂಗತಿಯನ್ನು ಹಂತ ಹಂತವಾಗಿ ಎದುರಿಸುವ ತರಬೇತಿ ಇದರ ಭಾಗಗಳು. ವಿದ್ಯುತ್ ಕಂಪನ ಚಿಕಿತ್ಸೆಯ ಬಗ್ಗೆ ಚಲನಚಿತ್ರಗಳು ಬಿತ್ತಿದ ಭಯ ಬಹಳ. ಅನ್ನ ನೀರು ಬಿಟ್ಟ, ಸಾಯಲು ನಿಶ್ಚಯಿಸಿದ ತೀವ್ರ ಖಿನ್ನತೆಯ ರೋಗಿಗಳಿಗೆ ಅದು ಪ್ರಾಣ ಉಳಿಸುವ ಚಿಕಿತ್ಸೆ. ಅರಿವಳಿಕೆ ಮತ್ತು ಸ್ನಾಯು ಸಡಿಲಿಸುವ ಔಷಧವಿಲ್ಲದೆ ಅದನ್ನು ನೀಡುವುದನ್ನು ಕಾನೂನು ನಿಷೇಧಿಸಿದೆ. ಕೆಲವರಲ್ಲಿ ತಾತ್ಕಾಲಿಕ ಮರೆವು ಉಂಟಾಗುವುದುಂಟು.

ಮದುವೆಯೆಂಬ ಮದ್ದು

"ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು" ಎಂಬ ಗಾದೆ ನಮ್ಮಲ್ಲಿ ಪ್ರಸಿದ್ಧ. ಗಾದೆಯ ಮೊದಲರ್ಧ ಕುಟುಂಬಗಳ ಭಯವನ್ನು ಹೇಳಿದರೆ, ಎರಡನೆಯ ಅರ್ಧ ಅವರ ಮೂಢನಂಬಿಕೆಯನ್ನು ಹೇಳುತ್ತದೆ. ಮದುವೆ ಯಾವ ಮನೋರೋಗಕ್ಕೂ ಚಿಕಿತ್ಸೆಯಲ್ಲ. ಕಾಯಿಲೆಯನ್ನು ಮುಚ್ಚಿಟ್ಟು ಮದುವೆ ಮಾಡಿದಾಗ, ಗುಟ್ಟು ಹೊರಬೀಳಬಾರದೆಂದು ಮಾತ್ರೆ ನಿಲ್ಲಿಸುತ್ತಾರೆ. ಹೊಸ ಮನೆಯ ಒತ್ತಡದಲ್ಲಿ ರೋಗ ಮರುಕಳಿಸುತ್ತದೆ. ಎರಡು ಕುಟುಂಬಗಳು ನ್ಯಾಯಾಲಯದ ಮೆಟ್ಟಿಲು ಹತ್ತುತ್ತವೆ. ಚಿಕಿತ್ಸೆಯಿಂದ ಸ್ಥಿರವಾಗಿರುವವರು, ವಿಷಯವನ್ನು ಮೊದಲೇ ತಿಳಿಸಿ, ವೈದ್ಯರ ಸಲಹೆಯೊಂದಿಗೆ ಮದುವೆಯಾಗಿ ಸಂಸಾರ ನಡೆಸಬಹುದು.

ಕಾನೂನು ಮತ್ತು ನೆರವು

2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ, ದರ್ಗಾದ ಬಳಿಯ ಆಶ್ರಯಕೇಂದ್ರವೊಂದಕ್ಕೆ ಬೆಂಕಿ ಬಿದ್ದಾಗ, ಸರಪಳಿಯಲ್ಲಿ ಬಂಧಿತರಾಗಿದ್ದ ಮನೋರೋಗಿಗಳು ಓಡಲಾರದೆ ಬೆಂದುಹೋದರು; ಸತ್ತವರು 28 ಮಂದಿ. ರೋಗಿಯನ್ನು ಸರಪಳಿಯಲ್ಲಿ ಕಟ್ಟುವುದು 2018ರ ಮೇ 29ರಿಂದ ಜಾರಿಯಲ್ಲಿರುವ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ, 2017ರ ಅನ್ವಯ ನಿಷಿದ್ಧ. ಚಿಕಿತ್ಸೆ ಪಡೆಯುವ ಹಕ್ಕು, ವಿವರಗಳ ಗೌಪ್ಯತೆ, ದೈಹಿಕ ಕಾಯಿಲೆಗಳಿಗೆ ಸಮನಾದ ವಿಮೆ ಇವನ್ನು ಕಾಯಿದೆ ಒದಗಿಸಿದೆ. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಕಾನೂನು ಭಾವಿಸುತ್ತದೆ. ಆದುದರಿಂದ ಪೊಲೀಸರ ಭಯದಿಂದ ಆಸ್ಪತ್ರೆಗೆ ಕರೆದೊಯ್ಯಲು ಹಿಂಜರಿಯಬಾರದು.

ಸರಕಾರಿ ಚಿಕಿತ್ಸೆ ಬೇಕಾದವರಿಗೆ ಮುಂಬಯಿ ಸಮೀಪದ ಠಾಣೆ, ಪುಣೆಯ ಯೆರವಡಾ, ಹೈದರಾಬಾದಿನ ಎರ್ರಗಡ್ಡ, ಚೆನ್ನೈಯ ಕೀಳ್ಪಾಕ್, ದೆಹಲಿಯ ಇಹಬಾಸ್, ಕರ್ನಾಟಕದ ನಿಮ್ಹಾನ್ಸ್ ಮತ್ತು ಧಾರವಾಡದ ಡಿಮ್ಹಾನ್ಸ್ ಆಸ್ಪತ್ರೆಗಳಿವೆ. ಸ್ಕಿಜೋಫ್ರೀನಿಯಾ ರೋಗಿಗಳ ಪುನರ್ವಸತಿಗಾಗಿ ಚೆನ್ನೈಯಲ್ಲಿ 1984ರಲ್ಲಿ ಸ್ಕಾರ್ಫ್ ಸಂಸ್ಥೆಯನ್ನು ಆರಂಭಿಸಿದ ಡಾ. ಶಾರದಾ ಮೆನನ್ ಹುಟ್ಟಿದ್ದು ಮಂಗಳೂರಿನಲ್ಲಿ. ಕನ್ನಡದಲ್ಲಿ ಓದಿ ತಿಳಿಯಬಯಸುವವರಿಗೆ ನಿಮ್ಹಾನ್ಸ್‌ನಲ್ಲಿ ಪ್ರಾಧ್ಯಾಪಕರಾಗಿದ್ದ, 2024ರಲ್ಲಿ ಪದ್ಮಶ್ರೀ ಪಡೆದ ಡಾ. ಸಿ. ಆರ್. ಚಂದ್ರಶೇಖರ್ ಅವರ ಸರಳ ಪುಸ್ತಕಗಳು ಲಭ್ಯ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮನಸ್ ದೂರವಾಣಿ ಸೇವೆ (14416) ಉಚಿತ, ದಿನದ 24 ಗಂಟೆಯೂ ಲಭ್ಯ, ಕನ್ನಡದಲ್ಲಿಯೂ ಮಾತನಾಡಬಹುದು.

ಮನೆಯವರ ಕರ್ತವ್ಯ

ರೋಗಿಯ ಭ್ರಮೆಯೊಡನೆ ವಾದಿಸಿ ಗೆಲ್ಲಲಾಗದು. ಅದನ್ನು ಗೇಲಿ ಮಾಡಲೂ ಬಾರದು. ಸದಾ ಟೀಕೆ, ಬೈಗಳು ಕೇಳುವ ಮನೆಯಲ್ಲಿ ಸ್ಕಿಜೋಫ್ರೀನಿಯಾ ಬೇಗ ಮರುಕಳಿಸುತ್ತದೆ ಎಂಬುದು ಸಂಶೋಧನೆಗಳಿಂದ ತಿಳಿದುಬಂದಿದೆ. ಸಾಯುವ ಮಾತಾಡಿದವರನ್ನು "ಸಾಯಬೇಕೆಂದು ಅನಿಸುತ್ತಿದೆಯೇ?" ಎಂದು ನೇರವಾಗಿ ಕೇಳಬಹುದು; ಕೇಳುವುದರಿಂದ ಆ ಯೋಚನೆ ಹೊಸದಾಗಿ ಹುಟ್ಟುವುದಿಲ್ಲ, ಎದೆಯ ಭಾರ ಇಳಿಯುತ್ತದೆ. ಅಂತಹವರನ್ನು ಒಂಟಿಯಾಗಿ ಬಿಡದೆ, ಮಾತ್ರೆ, ಕೀಟನಾಶಕಗಳನ್ನು ಅವರ ಕೈಗೆ ಸಿಗದಂತಿಟ್ಟು, ಅದೇ ದಿನ ವೈದ್ಯರಿಗೆ ತೋರಿಸಬೇಕು. ಆರೈಕೆ ಮಾಡುವವರ ದಣಿವೂ ನಿಜವಾದದ್ದೇ. ಸರದಿಯ ಮೇಲೆ ಜವಾಬ್ದಾರಿ ಹಂಚಿಕೊಂಡರೆ ಒಬ್ಬರೇ ಕುಸಿಯುವುದು ತಪ್ಪುತ್ತದೆ.

ಪರವೂರಿನಲ್ಲಿ ಬದುಕು ಕಟ್ಟಿಕೊಂಡಿರುವ ನಮಗೆ ಕಷ್ಟಕಾಲದಲ್ಲಿ ಕೈಹಿಡಿಯುವವರು ನಮ್ಮ ಭಾಷೆಯ ಬಂಧುಗಳೇ. ನೆರೆಯ ಕನ್ನಡ ಕುಟುಂಬದಲ್ಲಿ ಇಂತಹ ಸಂಕಟವಿರುವುದು ತಿಳಿದಾಗ ಗುಸುಗುಸು ಮಾತಿಗೆ ಎಡೆಗೊಡದೆ, ಆಸ್ಪತ್ರೆಗೆ ಜೊತೆಯಾಗಿ ಹೋಗಿ ಅರ್ಧ ದಿನ ಕುಳಿತುಬರಲು ನಮ್ಮಲ್ಲಿ ಒಬ್ಬರು ಮುಂದಾದರೂ, ಆ ಮನೆಯ ರೋಗಿ ಒಂದು ವರ್ಷ ಮೊದಲೇ ಚಿಕಿತ್ಸೆ ಪಡೆಯುವಂತಾಗಬಹುದು.