ಥಾಣೆಯ ಮನೋರುಗ್ಣಾಲಯ ಮತ್ತು ‘ಮನಸ್ಸು’ ಎಂಬ ಪದದ ಅರ್ಥ

ಮುಂಬೈ ಸೀಮೆಯಲ್ಲಿ ಯಾರದಾದರೂ ತಲೆ ಕೆಟ್ಟಿದೆ ಎನ್ನುವುದಕ್ಕೆ ‘ಅವನನ್ನು ಥಾಣೆಗೆ ಕಳಿಸಬೇಕು’ ಎನ್ನುವ ಮಾತು, ಬೆಂಗಳೂರಿನವರು ನಿಮ್ಹಾನ್ಸ್ ಹೆಸರನ್ನು ಬಳಸುವಂತೆಯೇ, ಬಹುಕಾಲದಿಂದ ಬಳಕೆಯಲ್ಲಿದೆ. ಆ ಮಾತಿಗೆ ಮೂಲವಾದದ್ದು 1901ರಲ್ಲಿ ನೌಪಾಡಾದಲ್ಲಿ ನರೋತ್ತಮದಾಸ ಮಾಧವದಾಸರ ಹೆಸರಿನಿಂದ ಸ್ಥಾಪನೆಯಾದ, ಇಂದು ಥಾಣೆ ಪ್ರಾದೇಶಿಕ ಮನೋರುಗ್ಣಾಲಯ ಎಂದು ಕರೆಯಲಾಗುವ ಸಂಸ್ಥೆ.

ಆಗ ಅದು ‘ಲೂನಟಿಕ್ ಅಸೈಲಮ್’, ಎಂದರೆ ಹುಚ್ಚರನ್ನು ಇರಿಸುವ ಆಶ್ರಯಾಲಯ. 1858ರ ಕಾನೂನಾಗಲಿ 1912ರ ಭಾರತೀಯ ಲೂನಸಿ ಕಾಯಿದೆಯಾಗಲಿ ರೋಗಿಯ ಅನುಭವವನ್ನು ವಿಚಾರಿಸುವುದಕ್ಕಿಂತ ಅವನ ವರ್ತನೆ, ಅಂದರೆ ಹೊರಗಿನವರ ಕಣ್ಣಿಗೆ ಬೀಳುವ ನಡೆನುಡಿ, ಸಮಾಜಕ್ಕೆ ಅಪಾಯಕಾರಿಯೇ ಎಂಬುದನ್ನೇ ಹೆಚ್ಚಾಗಿ ಗಮನಿಸುತ್ತಿತ್ತು. ಮ್ಯಾಜಿಸ್ಟ್ರೇಟರ ಆದೇಶದ ಮೇಲೆ ಒಳಗೆ ಸೇರಿದವನು ರೋಗಿಗಿಂತ ಹೆಚ್ಚಾಗಿ ಬಂದಿಯಾಗಿದ್ದನು. ವಿಲ್‌ಹೆಲ್ಮ್ ವುಂಟ್ 1879ರಲ್ಲಿಯೇ ಲೈಪ್‌ಜಿಗ್‌ನಲ್ಲಿ ಮನಶ್ಶಾಸ್ತ್ರದ ಪ್ರಯೋಗಶಾಲೆ ತೆರೆದು, ಇಂದ್ರಿಯಗಳಿಗೆ ತಾಗುವ ಸಂವೇದನೆಯನ್ನೂ ಆ ಸಂವೇದನೆಗೆ ಮನಸ್ಸು ಅರ್ಥ ಕೊಡುವ ಗ್ರಹಿಕೆಯನ್ನೂ ಅಳೆಯಲು ತೊಡಗಿದ್ದರೂ, ಆ ಅರಿವು ಆಶ್ರಯಾಲಯದ ಗೋಡೆ ದಾಟಲು ದಶಕಗಳೇ ಹಿಡಿದವು.

ಭಾರತದಲ್ಲಿ ಮನಶ್ಶಾಸ್ತ್ರಕ್ಕೆ ಪ್ರತ್ಯೇಕ ವಿಭಾಗ ಮೊದಲು ದೊರೆತದ್ದು 1916ರಲ್ಲಿ, ಕಲ್ಕತ್ತಾ ವಿಶ್ವವಿದ್ಯಾನಿಲಯದಲ್ಲಿ. ಅಲ್ಲಿ ಈ ವಿಷಯದ ಪಠ್ಯಕ್ರಮ ರೂಪಿಸಿದ್ದ ಬ್ರಜೇಂದ್ರನಾಥ ಶೀಲರು ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದಾಗಲೇ, 1924ರಲ್ಲಿ, ಲಂಡನ್ನಿನಲ್ಲಿ ಮನಶ್ಶಾಸ್ತ್ರಜ್ಞ ಸ್ಪಿಯರ್ಮನ್ ಅವರ ಬಳಿ ಕಲಿತು ಬಂದ ಎಂ. ವಿ. ಗೋಪಾಲಸ್ವಾಮಿ ಮೈಸೂರಿನ ವಿಭಾಗವನ್ನು ಕಟ್ಟಿದರು. ಅದೇ ದಶಕದಲ್ಲಿ ದೇಶದ ಆಶ್ರಯಾಲಯಗಳು ‘ಮಾನಸಿಕ ಆಸ್ಪತ್ರೆ’ಗಳೆಂಬ ಹೆಸರು ಪಡೆದವು. ಈ ಬದಲಾವಣೆಯನ್ನು ಬರಿಯ ಹೆಸರಿನದೆಂದು ತಳ್ಳಿಹಾಕುವುದು ಸರಿಯಲ್ಲ. ಕೂಡಿಹಾಕುವ ಸ್ಥಳಕ್ಕೆ ಆಸ್ಪತ್ರೆಯೆಂದು ಹೆಸರಿಟ್ಟೊಡನೆ, ಒಳಗಿರುವವನು ಗುಣವಾಗಬಲ್ಲನೆಂದು ಒಪ್ಪಿಕೊಂಡಂತಾಗುತ್ತದೆ. 1950ರ ದಶಕದಲ್ಲಿ ಕ್ಲೋರ್‌ಪ್ರೊಮಜೀನ್ ಔಷಧಿ ಬಂದ ಮೇಲೆ ಆ ಒಪ್ಪಿಗೆಗೆ ವೈದ್ಯಕೀಯ ಆಧಾರವೂ ಸಿಕ್ಕಿತು.

ಥಾಣೆಯ ಇತಿಹಾಸದಲ್ಲಿ ಎದ್ದುಕಾಣುವ ಇನ್ನೊಂದು ತಿರುವು 1990ರದು. ಮನೋವೈದ್ಯ ಆನಂದ ನಾಡಕರ್ಣಿ ಅದೇ ಊರಿನಲ್ಲಿ ಆರಂಭಿಸಿದ ಇನ್‌ಸ್ಟಿಟ್ಯೂಟ್ ಫಾರ್ ಸೈಕಲಾಜಿಕಲ್ ಹೆಲ್ತ್, ಮನಸ್ಸಿನ ಆರೋಗ್ಯವನ್ನು ಆಸ್ಪತ್ರೆಯ ಆವರಣದಿಂದ ಮನೆ, ಶಾಲೆಗಳ ಮಾತಾಗಿಸಿತು. ನಾಡಕರ್ಣಿಯವರು ಮರಾಠಿಯಲ್ಲಿ ಜನಪ್ರಿಯಗೊಳಿಸಿದ್ದು ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಎಲಿಸ್ 1950ರ ದಶಕದಲ್ಲಿ ರೂಪಿಸಿದ ವಿವೇಕನಿಷ್ಠ ಚಿಕಿತ್ಸೆಯನ್ನು. ಘಟನೆ, ಆ ಘಟನೆಯ ಬಗೆಗಿನ ನಂಬಿಕೆ, ನಂಬಿಕೆಯಿಂದ ಹುಟ್ಟುವ ಭಾವನೆ ಎಂಬ ಮೂರನ್ನು ಅದು ಬೇರೆಬೇರೆಯಾಗಿ ನೋಡುತ್ತದೆ. ಡೊಂಬಿವಲಿಯ ಪ್ಲ್ಯಾಟ್‌ಫಾರ್ಮಿನಲ್ಲಿ ಬೆಳಗಿನ ಲೋಕಲ್ ರೈಲು ತಪ್ಪಿದ ಇಬ್ಬರಲ್ಲಿ ಒಬ್ಬ ಬೇಸರಪಟ್ಟು ಮುಂದಿನ ಗಾಡಿಗೆ ಕಾಯುತ್ತಾನೆ, ಮತ್ತೊಬ್ಬ ‘ನನ್ನ ಹಣೆಬರಹವೇ ಇಷ್ಟು’ ಎಂದು ದಿನವಿಡೀ ಕುಗ್ಗುತ್ತಾನೆ. ಘಟನೆ ಒಂದೇ ಆಗಿರುವುದರಿಂದ ವ್ಯತ್ಯಾಸವನ್ನು ನಂಬಿಕೆಯಲ್ಲಿಯೇ ಹುಡುಕಬೇಕಾಗುತ್ತದೆ. ಕಲಿತ ನಂಬಿಕೆಯನ್ನು ಮರೆತು ಹೊಸದನ್ನು ಕಲಿಯಬಹುದೆಂಬ ಈ ಭರವಸೆ 1901ರ ಆಶ್ರಯಾಲಯಕ್ಕೆ ಊಹಿಸಲೂ ಆಗದಿದ್ದ ಸಂಗತಿ.

ಅರ್ಧಕ್ಕೇ ನಿಂತ ಕೆಲಸವೂ ಒಂದಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ಚಿಕಿತ್ಸೆಯನ್ನೂ ಸಮುದಾಯದಲ್ಲಿ ಬಾಳುವುದನ್ನೂ ರೋಗಿಯ ಹಕ್ಕೆಂದು ಸಾರಿದ ನಂತರವೂ, ಮಹಾರಾಷ್ಟ್ರದ ಸರಕಾರಿ ಮನೋರುಗ್ಣಾಲಯಗಳಲ್ಲಿ ಗುಣಮುಖರಾದವರು ಕರೆದೊಯ್ಯುವವರಿಲ್ಲದೆ ವರ್ಷಗಟ್ಟಲೆ ಉಳಿದಿರುವ ಪ್ರಶ್ನೆ ಬಾಂಬೆ ಹೈಕೋರ್ಟಿನವರೆಗೂ ಹೋಗಬೇಕಾಯಿತು.