ಮುಳ್ಳಿನಿಂದ ಪರದೆಗೆ: ಕಾಕ್‌ಪಿಟ್ ನಡೆದು ಬಂದ ದಾರಿ

ಅರಸೀಕೆರೆ ರೈಲು ನಿಲ್ದಾಣದ ಹಳದಿ ಫಲಕದಲ್ಲಿ ಸಮುದ್ರ ಮಟ್ಟದಿಂದ ಊರು ಎಷ್ಟು ಎತ್ತರದಲ್ಲಿದೆ ಎಂದು ಬರೆದಿರುತ್ತದೆ. ರೈಲು ಹತ್ತುವವರಿಗೆ ಅದರಿಂದ ಆಗಬೇಕಾದ್ದೇನೂ ಇಲ್ಲ. ಪೈಲಟ್‌ಗೆ ಮಾತ್ರ ಆ ಲೆಕ್ಕವೇ ಮುಖ್ಯ. ಎತ್ತರ ತೋರಿಸುವ ಆಲ್ಟಿಮೀಟರ್ ನಿಜವಾಗಿ ಅಳೆಯುವುದು ಗಾಳಿಯ ಒತ್ತಡವನ್ನು. ವಿಮಾನ ಮೇಲೇರಿದಂತೆ ಅದರೊಳಗಿನ ತೆಳು ಲೋಹದ ಡಬ್ಬಿ ಉಬ್ಬುತ್ತದೆ, ಮುಳ್ಳು ತಿರುಗುತ್ತದೆ. ಆ ಹೊತ್ತಿನ ಸಮುದ್ರ ಮಟ್ಟದ ಒತ್ತಡಕ್ಕೆ ಗುಂಡಿ ತಿರುಗಿಸಿ ಹೊಂದಿಸಿದರೆ ಅರಸೀಕೆರೆಯ ನೆಲದ ಮೇಲೆ ನಿಂತ ವಿಮಾನದಲ್ಲೂ ಅದು 2,500 ಅಡಿಗೂ ಹೆಚ್ಚು ತೋರಿಸೀತು. ಹೊಂದಿಸುವಾಗ ಒಂದು ಹೆಕ್ಟೊಪ್ಯಾಸ್ಕಲ್ ತಪ್ಪಿದರೂ ಸುಮಾರು 30 ಅಡಿ ಹೆಚ್ಚುಕಮ್ಮಿ.

1903ರ ರೈಟ್ ಸಹೋದರರ ವಿಮಾನದಲ್ಲಿ ಈ ಆಲ್ಟಿಮೀಟರ್ ಕೂಡ ಇರಲಿಲ್ಲ. ಇದ್ದದ್ದು ಗಾಳಿಯ ವೇಗಮಾಪಕ, ನಿಲುಗಡಿಯಾರ, ಎಂಜಿನ್ ಸುತ್ತು ಎಣಿಸುವ ಸಾಧನ, ಅಷ್ಟೆ. ಮೋಡದೊಳಗೆ ಹೊಕ್ಕವರು ತಲೆಕೆಳಗಾದದ್ದೂ ತಿಳಿಯದೆ ಬೀಳುತ್ತಿದ್ದರು. 1929ರ ಸೆಪ್ಟೆಂಬರ್ 24ರಂದು ಅಮೆರಿಕದ ಜಿಮ್ಮಿ ಡೂಲಿಟಲ್ ಮುಸುಕು ಹಾಕಿದ ಕಾಕ್‌ಪಿಟ್‌ನಲ್ಲಿ ಕುಳಿತು, ಹೊರಗೆ ನೋಡದೆ ಏರಿ, ಹಾರಿ, ಇಳಿದ. ಕೃತಕ ದಿಗಂತ, ದಿಕ್ಕು ತೋರುವ ಗೈರೊ, ಸೂಕ್ಷ್ಮ ಆಲ್ಟಿಮೀಟರ್ ಅವನ ಕಣ್ಣಾದವು. ವೇಗ, ಏರಿಳಿತದ ದರ, ತಿರುವು ತೋರಿಸುವ ಮಾಪಕಗಳೂ ಇವಕ್ಕೆ ಸೇರಿ ಆರರ ಗುಂಪಾಯಿತು. ಬೆಂಗಳೂರಿನ ಎಚ್‌ಎಎಲ್‌ನಲ್ಲಿ ವಿ.ಎಂ. ಘಾಟಗೆ ನೇತೃತ್ವದಲ್ಲಿ ರೂಪುಗೊಂಡು 1951ರಲ್ಲಿ ಹಾರಿದ ಎಚ್‌ಟಿ-2 ತರಬೇತಿ ವಿಮಾನದ್ದು ಈ ಮುಳ್ಳುಗಳ ಕಾಲ. ಕೈಯಲ್ಲಿ ಸ್ಟಿಕ್, ಕಾಲಡಿ ರಡ್ಡರ್ ಪೆಡಲ್, ಪಕ್ಕದಲ್ಲಿ ಎಂಜಿನ್‌ನ ಬಲ ಹೊಂದಿಸುವ ಥ್ರಾಟಲ್.

ಮುಂದಿನ ದೊಡ್ಡ ಪಲ್ಲಟ ತಂದದ್ದು ಏರ್‌ಬಸ್ ಎ320. ಆರು ಮಾಪಕಗಳ ಮಾಹಿತಿ ಒಂದೇ ಪರದೆಗೆ ಬಂತು, ಸ್ಟಿಕ್ಕು ಪಕ್ಕಕ್ಕೆ ಸರಿಯಿತು. ಥ್ರಾಟಲ್ ಸ್ವಯಂಚಾಲಿತವಾಗಿದ್ದಾಗ ಎಂಜಿನ್‌ನ ಬಲ ಏರಿಳಿದರೂ ಲಿವರ್ ಅಲುಗುವುದಿಲ್ಲ. ಕೈಗೆ ಸುಳಿವೇ ಸಿಗದು. ಇದರ ಬೆಲೆ ಕರ್ನಾಟಕಕ್ಕೆ ಬೇಗನೆ ಗೊತ್ತಾಯಿತು. 1990ರ ಫೆಬ್ರುವರಿ 14ರಂದು ಇಂಡಿಯನ್ ಏರ್‌ಲೈನ್ಸ್‌ನ ಎ320 ಬೆಂಗಳೂರಿನಲ್ಲಿ ರನ್‌ವೇ ತಲುಪುವ ಮೊದಲೇ ಗಾಲ್ಫ್ ಮೈದಾನಕ್ಕೆ ಬಿತ್ತು. ವಿಮಾನದಲ್ಲಿದ್ದ 146 ಮಂದಿಯಲ್ಲಿ 92 ಮಂದಿ ಸತ್ತರು. ಎಂಜಿನ್‌ಗಳನ್ನು ಕನಿಷ್ಠ ಬಲದಲ್ಲೇ ಇಡುವ 'ಓಪನ್ ಡಿಸೆಂಟ್' ವ್ಯವಸ್ಥೆಯಲ್ಲಿ ವಿಮಾನ ಇಳಿಯುತ್ತಿತ್ತು, ವೇಗ ಕುಸಿಯುತ್ತಲೇ ಇತ್ತು. ಪರದೆ ಎಲ್ಲವನ್ನೂ ತೋರಿಸುತ್ತಿದ್ದರೂ ಕಾಕ್‌ಪಿಟ್‌ನಲ್ಲಿ ಅದು ಗಮನಕ್ಕೆ ಬಂದದ್ದು ತಡವಾಗಿ. ಪೈಲಟ್‌ಗಳ ಮೇಲೆ ತಪ್ಪು ಹೊರಿಸುವುದು ಸುಲಭ. ಆದರೆ ಕೈಗೆ ಸಿಗುತ್ತಿದ್ದ ಸೂಚನೆಯನ್ನು ಕಿತ್ತುಕೊಂಡು ಎಲ್ಲವನ್ನೂ ಕಣ್ಣಿಗೇ ಹೊರಿಸಿದ ವಿನ್ಯಾಸವನ್ನೂ ಪ್ರಶ್ನಿಸಬೇಕು ಎಂಬುದು ನನ್ನ ಅಭಿಪ್ರಾಯ.

ಮುಳ್ಳುಗಳು ಎಲ್ಲೆಡೆ ಒಮ್ಮೆಲೇ ಮರೆಯಾಗಲಿಲ್ಲ. ಹಳೇಬೀಡಿನಿಂದ ಬಾಣಾವರದ ಕಡೆ ಹೋಗುವಾಗ ಸಿಗುವ ಜಾವಗಲ್‌ನಲ್ಲಿ ಬೇಸಾಯ ಮಾಡಿದ ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಏರ್ ಡೆಕ್ಕನ್ ಆರಂಭಿಸಿದ್ದು ಎಟಿಆರ್-42 ವಿಮಾನಗಳಿಂದ. ಅವುಗಳ ಕಾಕ್‌ಪಿಟ್ ಎರಡು ಕಾಲದ ನಡುವಿನದು: ದಿಗಂತಕ್ಕೂ ದಿಕ್ಕಿಗೂ ಪುಟ್ಟ ಪರದೆ, ವೇಗಕ್ಕೂ ಎತ್ತರಕ್ಕೂ ಹಳೆಯ ಮುಳ್ಳು. 2021ರಲ್ಲಿ ಹಾರಿದ ಬೆಂಗಳೂರಿನ ಎನ್‌ಎಎಲ್‌ನ ಹಂಸ-ಎನ್‌ಜಿ ತರಬೇತಿ ವಿಮಾನದಲ್ಲಿ ಕಲಿಯುವವರ ಮುಂದೆಯೂ ಈಗ ಪರದೆಯೇ. ಆದರೂ ದೊಡ್ಡ ವಿಮಾನಗಳಲ್ಲಿ ಮುಂಗಾಜಿನ ಬಳಿ ಒಂದು ಕಾಂತ ದಿಕ್ಸೂಚಿಯನ್ನು ಉಳಿಸಿಕೊಂಡಿದ್ದಾರೆ. ದಿಕ್ಕು ತೋರಿಸಲು ಅದಕ್ಕೆ ಕರೆಂಟು ಬೇಕಿಲ್ಲ.